ಚುಕ್ಕಿ ಬಿಸ್ಕೀಟು

ದೀಪಾವಳಿ ಮುಗಿದ ವಾರಕ್ಕೆ ಗಿರಿಜವ್ವನ ಮನೆಯ ಸಕ್ಕರೆ ಡಬ್ಬಿ ತಿಜೋರಿ ಸೇರಿತು. ಬಂಗಾರದ ಸರ, ಹೊಲದ ಕಾಗದಪತ್ರ, ಅವುಗಳ ಪಕ್ಕದಲ್ಲಿ ಸ್ಟೀಲಿನ ಸಕ್ಕರೆ ಡಬ್ಬಿ. ಕೀಲಿಕೈ ಸೊಸೆ ರೂಪಾಲಿಯ ಸೊಂಟದಲ್ಲಿ.

ಚಿಕ್ಕೋಡಿ ಊರಂಚಿನಲ್ಲಿ, ಕಬ್ಬಿನ ಹೊಲಕ್ಕೆ ಬೆನ್ನು ಕೊಟ್ಟು ನಿಂತ ಮನೆ ಅದು. ಯಜಮಾನ ಮುರಗೆಪ್ಪ ಮೀಸೆ ಮೂಡುವ ಮೊದಲೇ ಕಬ್ಬು ನಾಟಿದವನು. ಅಂಥ ಮನೆಯಲ್ಲಿ ಸಕ್ಕರೆಗೆ ಬೀಗ ಬಿದ್ದದ್ದಕ್ಕೆ ಕಾರಣವಿತ್ತು. ಹಬ್ಬದ ಮರುದಿನ ಅಂಗಳ ಗುಡಿಸುತ್ತಿದ್ದ ಗಿರಿಜವ್ವನಿಗೆ ಕಣ್ಣು ಕತ್ತಲೆ ಬಂದು, ಕಸಬರಿಗೆ ಹಿಡಿದುಕೊಂಡೇ ಕಟ್ಟೆಯ ಮೇಲೆ ಕುಸಿದು ಕೂತಳು. ಮಗ ಭರತ ಗಾಡಿಯಲ್ಲಿ ಕೂರಿಸಿಕೊಂಡು ಡಾಕ್ಟರ ಹತ್ತಿರ ಕರೆದೊಯ್ದ. ರಕ್ತ ತೆಗೆದರು. ಶುಗರ್ ಬಹಳ ಏರಿದೆ, ಗುಳಿಗೆ ತಪ್ಪಿಸಬೇಡಿ, ನಡೆದಾಡಿ, ಸಿಹಿ ಬಿಡಿ ಎಂದರು. ಡಾಕ್ಟರು ಹೇಳಿದ್ದು ನಾಲ್ಕು ಮಾತು. ರೂಪಾಲಿ ಆ ನಾಲ್ಕು ಮಾತನ್ನು ಇಡೀ ಮನೆಗೆ ಕಾಯಿದೆ ಮಾಡಿದಳು.

ಗಿರಿಜವ್ವ ಎಲ್ಲದಕ್ಕೂ ಒಪ್ಪಿದಳು. ಒಂದೇ ಒಂದು ಕರಾರು ಹಾಕಿದಳು.

"ಹೊರಗ ಯಾರ ಮುಂದೂ ಹೇಳಬ್ಯಾಡ್ರಿ."

"ಹೇಳಿದ್ರ ಏನಾಗತೈತಿ ಯವ್ವಾ? ಊರಾಗ ಅರ್ಧ ಮಂದಿಗೆ ಐತಿ," ಎಂದ ಭರತ.

"ಇರಲಿ. ನಾಳೆ ಯಾರ ಮನೀಗಿ ಉಣ್ಣಾಕ ಹೋದ್ರೂ ಎಲ್ಲಾರಿಗೂ ಹೋಳಿಗಿ ನೀಡತಾರ, ನನ್ನ ತಾಟ ಬಂದಕೂಡ್ಲೇ 'ಪಾಪ, ಇವರಿಗೆ ಬ್ಯಾಡ' ಅಂತ ಮುಂದ ಹೋಗತಾರ. ಆ 'ಪಾಪ' ಅನ್ನಿಸ್ಕೋಳೂದು ನನಗ ಬ್ಯಾಡ."

ಸಕ್ಕರೆಯ ಬಿಸಿ ಮೊದಲು ತಟ್ಟಿದ್ದು ಮುರಗೆಪ್ಪನಿಗೆ. ಮನೆಗೆಲ್ಲ ಒಂದೇ ಪಾತ್ರೆಯ ಚಹಾ, ಅದೂ ಸಪ್ಪೆ.

"ರಕ್ತಾ ಕೊಟ್ಟಾಕಿ ಅಕಿ. ನನಗ್ಯಾಕ ಈ ಶಿಕ್ಷಾ?" ಎಂದು ಅವನು ಲೋಟ ಕೆಳಗಿಟ್ಟ.

"ನಿಮ್ಮ ಕಪ್ಪಿನಾಗ ಸಕ್ಕರಿ ಇದ್ರ ಅತ್ತ್ಯಾರು ನಿಮ್ಮ ಕಪ್ಪ ಕುಡಿತಾರ್ರಿ ಮಾವ್ನಾರ," ಎಂದಳು ರೂಪಾಲಿ.

ಅದು ಸುಳ್ಳಲ್ಲ. ಆಗಲೇ ಎರಡು ಸಲ ಕುಡಿದಿದ್ದಳು. ಅಂದಿನಿಂದ ಮುರಗೆಪ್ಪನಿಗೆ ದಿನಾ ಸಂಜೆ ಬಸ್‌ಸ್ಟ್ಯಾಂಡಿನ ಕಡೆ ಏನಾದರೊಂದು ಕೆಲಸ ಹುಟ್ಟತೊಡಗಿತು. ಕಬ್ಬು ಕಡಿಯುವ ಗ್ಯಾಂಗಿನವರನ್ನು ಕಾಣಬೇಕು ಎಂದು ಹೋಗುವುದು, ಮೀಸೆ ಒರೆಸಿಕೊಳ್ಳುತ್ತ ಬರುವುದು.

ಊಟವೂ ಬದಲಾಯಿತು. ಅನ್ನ ಹಿಡಿ ಅಷ್ಟೇ. ಜೋಳದ ರೊಟ್ಟಿ, ಮೆಂತೆ ಪಲ್ಯ, ಹೆಸರು ಕಾಳು, ಮತ್ತೆ ಮೆಂತೆ ಪಲ್ಯ. ಗಿರಿಜವ್ವ ತಾಟಿನ ಹಸಿರನ್ನು ಬೆರಳಿನಿಂದ ಆಚೀಚೆ ಸರಿಸುತ್ತ, "ನನಗ ನೀಡಾಕತ್ತೀಯೋ, ಎಮ್ಮಿಗಿ ಮೇವ ಹಾಕಾಕತ್ತೀಯೋ?" ಎನ್ನುತ್ತಿದ್ದಳು. ರೂಪಾಲಿ ಇನ್ನೊಂದು ಸೌಟು ಪಲ್ಯ ನೀಡುತ್ತಿದ್ದಳು.

ಎಮ್ಮೆಯೇ ಕೊನೆಗೆ ಗಿರಿಜವ್ವನನ್ನು ಹಿಡಿದುಕೊಟ್ಟಿತು. ಮೊಣಕಾಲು ನೋವೆಂದು ಎರಡು ವರ್ಷದಿಂದ ಕೊಟ್ಟಿಗೆಗೆ ಕಾಲಿಡದವಳು ಈಗ ದಿನಕ್ಕೆ ಮೂರು ಸಲ ಎಮ್ಮೆಗೆ ಹಿಂಡಿ ಇಡಲು ಹೋಗತೊಡಗಿದ್ದಳು. ಒಂದು ಮಧ್ಯಾಹ್ನ ರೂಪಾಲಿ ಹಿಂದೆಯೇ ಹೋದಳು. ಅತ್ತೆಯ ಕೆನ್ನೆ ಒಂದು ಬದಿಗೆ ಉಬ್ಬಿತ್ತು. ರೂಪಾಲಿ ಹಿಂಡಿಯ ಚೀಲಕ್ಕೆ ಕೈ ಹಾಕಿದಳು. ಬಟ್ಟೆಯಲ್ಲಿ ಸುತ್ತಿದ ಬೆಲ್ಲದ ಹೆಂಟೆ ಕೈಗೆ ಬಂತು.

"ಎಮ್ಮಿ ಮ್ಯಾಲ ಒಮ್ಮಿಂದೊಮ್ಮೆಲೆ ಇಷ್ಟ ಪ್ರೀತಿ ಯಾಕ ಬಂತು ಅಂತ ಮಾಡಿದ್ನಿ," ಎಂದಳು.

ಗಿರಿಜವ್ವ ಬಾಯಲ್ಲಿದ್ದುದನ್ನು ನುಂಗಿದಳು. ನಾಚಿಕೆ ಮೊದಲು ಬಂತು, ಅದರ ಬೆನ್ನಿಗೇ ಸಿಟ್ಟು ಬಂತು. "ಈ ಮನೀಗಿ ಸೊಸಿಯಾಗಿ ಬಂದು ನನ್ನ ತಲಿ ಹಣ್ಣಾತು. ನನ್ನ ಮನಿಯಾಗ ನಾನ ಕಳ್ಳರಂಗ ತಿನಬೇಕೇನು? ಹಂಗ ಮಾಡಿಟ್ಟೀದಿ ನೀ."

"ತಿನಬ್ಯಾಡ್ರಿ ಅಂತ ಹೇಳಾಕತ್ತೀನ್ರಿ."

"ನಿಮ್ಮವ್ವ ಇದ್ದಿದ್ರ ಅಕೀಗೂ ಹಿಂಗ ಬೀಗ ಹಾಕತಿದ್ದೇನು?"

ರೂಪಾಲಿಯ ಮುಖದ ರಕ್ತ ಇಳಿದುಹೋಯಿತು. ಬೆಲ್ಲವನ್ನು ಎಮ್ಮೆಯ ಮುಂದಿಟ್ಟು ಒಳಗೆ ನಡೆದಳು. ಅವಳ ತಾಯಿ ಇದೇ ಶುಗರ್‌ನಿಂದ ತೀರಿಕೊಂಡು ಎರಡು ವರ್ಷವಾಗಿತ್ತು. ನಿಪ್ಪಾಣಿಯಿಂದ ಕೊಲ್ಲಾಪುರದ ಆಸ್ಪತ್ರೆಗೆ ಒಯ್ದು, ಕಾಲು ತೆಗೆದರೂ ಉಳಿದಿರಲಿಲ್ಲ. ಗಿರಿಜವ್ವನಿಗೆ ಅದೆಲ್ಲ ಗೊತ್ತಿದ್ದದ್ದೇ. ಮಾತು ಬಾಯಿ ಬಿಟ್ಟ ಮೇಲೆ ನಾಲಿಗೆ ಕಚ್ಚಿಕೊಂಡಳು. ಆದರೆ ಸೊಸೆಯ ಮುಂದೆ ಹೋಗಿ ತಪ್ಪಾಯಿತು ಎನ್ನುವುದು ಅವಳ ಜಾಯಮಾನವಲ್ಲ. ಅಂದು ರಾತ್ರಿ ರೂಪಾಲಿ ಎಲ್ಲರಿಗೂ ನೀಡಿ ತಾನು ಉಣ್ಣದೆ ಮಲಗಿದಳು. ಗಿರಿಜವ್ವ ಮರುದಿನ ಗೊಣಗದೆಯೇ ಮೆಂತೆ ಪಲ್ಯ ಎರಡು ಸಲ ನೀಡಿಸಿಕೊಂಡಳು. ಅವಳ ತಪ್ಪೊಪ್ಪಿಗೆ ಅಷ್ಟೇ. ಅದು ಸೊಸೆಗೆ ತಿಳಿಯಲಿಲ್ಲ.

ಡಿಸೆಂಬರ್ ಬಂತು. ಕಬ್ಬಿನ ಟ್ರ್ಯಾಕ್ಟರುಗಳು ಹಗಲೆಲ್ಲ ಓಡಾಡತೊಡಗಿದವು. ಒಂದು ಬೆಳಿಗ್ಗೆ ಗಿರಿಜವ್ವನ ಫೋನು ರಿಂಗಾಯಿತು. ಕಿವಿ ಸ್ವಲ್ಪ ಮಂದವಾದ್ದರಿಂದ ಅವಳು ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವವಳು.

"ಗಿರಿಜಾ, ಬರೂ ಶನಿವಾರ ಅಪ್ಪಾಸಾಬನ ಬೇಕರಿ ಭಟ್ಟಿ ನಮಗ ಸಿಕ್ಕೈತಿ. ತುಪ್ಪ ಕಾಸಿ ಇಟ್ಟೀದಿಲ್ಲೋ?"

ಮಾರ್ಥಾಬಾಯಿಯ ದನಿ. ಚಿಕ್ಕೋಡಿಯ ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಊರಿಗೆಲ್ಲ ಸಿಸ್ಟರ್. ಭರತ ಹುಟ್ಟುವಾಗ ಇಡೀ ರಾತ್ರಿ ಗಿರಿಜವ್ವನ ಕೈ ಹಿಡಿದು ಕೂತವಳು ಅವಳೇ. ಆ ವರ್ಷ ಕ್ರಿಸ್‌ಮಸ್ಸಿಗೆ ಬಾಣಂತಿಯ ಮನೆಗೆ ಒಂದು ಡಬ್ಬಿ ಬಿಸ್ಕೀಟು ಕಳಿಸಿದ್ದಳು. ಚುಕ್ಕಿಯ ಆಕಾರದವು, ನಡುವೆ ಒಂದೊಂದು ಒಣದ್ರಾಕ್ಷಿ. ಮರುವರ್ಷ ಗಿರಿಜವ್ವ ತುಪ್ಪದ ಗಡಿಗೆ ಹೊತ್ತು ಅವಳ ಮನೆಗೇ ಹೋದಳು. "ಬ್ಯಾಸರಾ ಮಾಡ್ಕೋಬ್ಯಾಡ್ರಿ ಬಾಯಿ, ನಿಮ್ಮ ಬಿಸ್ಕೀಟಿಗೆ ಡಾಲ್ಡಾ ವಾಸನಿ ಬರತೈತಿ. ಈ ಸಲ ನಮ್ಮ ಎಮ್ಮಿ ತುಪ್ಪ ಹಾಕೂಣು." ಅಲ್ಲಿಂದ ಮುಂದೆ ಒಂದು ವರ್ಷವೂ ತಪ್ಪಿರಲಿಲ್ಲ. ತುಪ್ಪ ಗಿರಿಜವ್ವನದು, ಒಣದ್ರಾಕ್ಷಿ ತೆಲಸಂಗದ ಅವಳ ತಮ್ಮನ ಮನೆಯದು, ಉಳಿದದ್ದೆಲ್ಲ ಮಾರ್ಥಾಬಾಯಿಯದು. ಕೇಕಿಗೆ ತತ್ತಿ ಹಾಕುವ ಮಾರ್ಥಾಬಾಯಿ, ಗೆಳತಿ ಲಿಂಗಾಯತರ ಮನೆಯವಳೆಂದು ಚುಕ್ಕಿ ಬಿಸ್ಕೀಟಿಗೆ ಮಾತ್ರ ಮುಟ್ಟಿಸುತ್ತಿರಲಿಲ್ಲ.

"ಕಾಸೇನಿ, ಕಾಸೇನಿ," ಎಂದು ಗಿರಿಜವ್ವ ಫೋನು ಇಟ್ಟಳು. ತಿರುಗಿ ನೋಡಿದರೆ ಅಡುಗೆಮನೆಯ ಬಾಗಿಲಲ್ಲಿ ರೂಪಾಲಿ.

"ಈ ವರ್ಷ ಬ್ಯಾಡ್ರಿ ಅತ್ತ್ಯಾರ."

"ಅದ್ಹೆಂಗ ಬ್ಯಾಡ?"

"ಬುಟ್ಟಿ ಸಕ್ಕರಿ ಮುಂದ ದಿನಾ ಪೂರ್ತಿ ಕೂಡೂದು. ಯಾರ ಕೈ ತಡೀತೈತ್ರಿ?"

"ಅಕಿಗೆ ಏನಂತ ಹೇಳ್ಲಿ?"

"ಖರೇ ಹೇಳ್ರಿ. ನರ್ಸ್ ಅದಾರ. ತಿಳಕೋತಾರ."

"ಅಕಿಗಂತೂ ಹೇಳೂದ ಬ್ಯಾಡ," ಎಂದಳು ಗಿರಿಜವ್ವ. ಮಾರ್ಥಾಬಾಯಿಯ ಮನೆಯಲ್ಲಿ ಅವಳು ಅಕ್ಕನೂ ಹೌದು, ಒಡತಿಯೂ ಹೌದು. ಅಲ್ಲಿ ರೋಗಿಯಾಗಿ ಕೂರುವುದು ಅವಳಿಗೆ ಬೇಕಿರಲಿಲ್ಲ.

ಎರಡು ದಿನ ಅತ್ತೆ ಸೊಸೆಯರ ಮಾತು ಗೋಡೆಗೆ ಬಡಿದು ತಿರುಗಿ ಬರುವಂತೆ ನಡೆಯಿತು. ಅತ್ತೆ ಮುರಗೆಪ್ಪನಿಗೆ ಹೇಳುವುದು, ಸೊಸೆ ಭರತನಿಗೆ ಹೇಳುವುದು. ಭರತ ಊಟ ಮುಗಿಯುವ ಮೊದಲೇ ಕೈ ತೊಳೆದು ಹೊಲಕ್ಕೆ ಓಡತೊಡಗಿದ. ಕೊನೆಗೆ ಮುರಗೆಪ್ಪ ರೊಟ್ಟಿ ಮುರಿಯುತ್ತ ತೀರ್ಪು ಕೊಟ್ಟ.

"ರೂಪಾಲಿ, ನೀನೂ ಜೋಡಿ ಹೋಗವ್ವ. ಅಕಿ ಕೈ ಬಿಡು, ಬಾಯಿ ಕಾಯಿ. ಇಬ್ಬರದೂ ಮಾತ ನಡೀತು. ನನಗ ಇನ್ನೊಂದ ರೊಟ್ಟಿ ನೀಡ್ರಿ."

ಶನಿವಾರ ಬೆಳಿಗ್ಗೆ ಅತ್ತೆ ಸೊಸೆ ತುಪ್ಪದ ಡಬ್ಬಿ ನಡುವೆ ಇಟ್ಟುಕೊಂಡು ಆಟೋದಲ್ಲಿ ಹೋದರು. ಮಾರ್ಥಾಬಾಯಿಯ ಪಡಸಾಲೆಯಲ್ಲಿ ಆಗಲೇ ಚಾಪೆ ಹಾಸಿತ್ತು. ಪಕ್ಕದ ಮನೆಯ ಸರಿತಾ ಮೈದಾ ಸಾಣಿಸುತ್ತ ಕೂತಿದ್ದಳು, ಅವಳ ರೆಪ್ಪೆಯೆಲ್ಲ ಬೆಳ್ಳಗಾಗಿತ್ತು. ಗಿರಿಜವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ದೊಡ್ಡ ಪರಾತದ ಮುಂದೆ ಕೂತು, ತುಪ್ಪಕ್ಕೆ ಪುಡಿಸಕ್ಕರೆ ಸುರಿದು ಅಂಗೈಯಿಂದ ತಿಕ್ಕತೊಡಗಿದಳು. ಗುಂಡಗೆ, ಒಂದೇ ದಿಕ್ಕಿಗೆ, ತುಪ್ಪ ಬೆಣ್ಣೆಯಂತೆ ಬೆಳ್ಳಗೆ ಉಬ್ಬುವ ತನಕ. ಮನೆಯಲ್ಲಿ ವಾರಗಟ್ಟಲೆ ಗೊಣಗುತ್ತಿದ್ದವಳು ಇಲ್ಲಿ ಬೇರೆಯೇ ಹೆಂಗಸಾಗಿದ್ದಳು. "ಸರಿತಾ, ಹಿಟ್ಟ ಒಮ್ಮೆಲೆ ಸುರೀಬ್ಯಾಡ. ಬಾಯಿ, ರವಾ ಎಲ್ಲೈತಿ?" ಎಂದು ಮೂವರಿಗೂ ಕೆಲಸ ಹಚ್ಚಿದಳು. ಅವಳ ತೋಳು ಮೊಣಕೈ ತನಕ ಹೊಳೆಯುತ್ತಿತ್ತು. ರೂಪಾಲಿಗೆ ತನ್ನ ಅತ್ತೆ ನಗುತ್ತಿದ್ದುದನ್ನು ಕಂಡು ಎಷ್ಟು ದಿನವಾಯಿತು ಅನ್ನಿಸಿತೋ ಏನೋ, ಕಾವಲು ಮರೆತು ತಾನೂ ಹಿಟ್ಟು ನಾದಲು ಕೂತಳು.

ಹಿಟ್ಟು ಹದಕ್ಕೆ ಬಂದಾಗ ಮಾರ್ಥಾಬಾಯಿ ಒಂದು ಚೂರು ತೆಗೆದು ಗೆಳತಿಯ ಬಾಯಿಯ ಹತ್ತಿರ ಹಿಡಿದಳು. "ಸಿಹಿ ಸರಿ ಐತೇನು ನೋಡು."

"ಅತ್ತ್ಯಾರಿಗೆ ಹಲ್ಲ ನೋಯಾಕತ್ತೇತ್ರಿ ಸಿಸ್ಟರ್," ಎಂದಳು ರೂಪಾಲಿ ತಟ್ಟನೆ.

ಸ್ವಲ್ಪ ಹೊತ್ತಿಗೆ ಸರಿತಾ ಚಹಾ ತಂದಳು. "ಅವರಿಗೆ ಬ್ಯಾಡ. ಪಿತ್ತ ಆಗೇತಿ," ಎಂದಳು ರೂಪಾಲಿ. ಬಾಳೆಹಣ್ಣು ಬಂತು. "ಶನಿವಾರ ಹಿಡದಾರ್ರಿ."

"ಹಲ್ಲ ನೋವು, ಪಿತ್ತ, ಮ್ಯಾಲೊಂದು ಉಪವಾಸ," ಎಂದಳು ಮಾರ್ಥಾಬಾಯಿ ಕನ್ನಡಕ ಸರಿಮಾಡಿಕೊಳ್ಳುತ್ತ. "ಗಿರಿಜಾ, ನೀ ಎಂದಿನಿಂದ ಶನಿವಾರ ಹಿಡದಿ?"

"ಈ ವರ್ಷದಿಂದ," ಎಂದಳು ಗಿರಿಜವ್ವ, ಪರಾತದಿಂದ ತಲೆ ಎತ್ತದೆ.

ಮಧ್ಯಾಹ್ನದ ಹೊತ್ತಿಗೆ ನಾಲ್ವರೂ ಡಬ್ಬಿಗಳನ್ನು ಹೊತ್ತು ಅಪ್ಪಾಸಾಬನ ಬೇಕರಿಯ ಹಿಂಭಾಗಕ್ಕೆ ಹೋದರು. ಕಟ್ಟಿಗೆಯ ಭಟ್ಟಿ, ಎದುರಿಗೆ ಉದ್ದನೆಯ ಬೆಂಚು. ಮದುವೆ ಮನೆಗೆ ಖಾರಿ ಬಿಸ್ಕೀಟು ಮಾಡಿಸಲು, ಮಗಳ ಮನೆಗೆ ನಾನಕಟಾಯಿ ಒಯ್ಯಲು ಬಂದ ಹೆಂಗಸರು ತಮ್ಮ ತಮ್ಮ ಡಬ್ಬಿ ಕಾಲಿಗೆ ಒತ್ತಿಟ್ಟುಕೊಂಡು ಕೂತಿದ್ದರು. ಗಿರಿಜವ್ವ ಲಟ್ಟಿಸಿದ ಹಿಟ್ಟಿನಲ್ಲಿ ಚುಕ್ಕಿ ಕತ್ತರಿಸಿ ಟ್ರೇ ತುಂಬಿಸಿದಳು, ಸರಿತಾ ಒಂದೊಂದಕ್ಕೆ ದ್ರಾಕ್ಷಿ ಒತ್ತಿದಳು. ಅಪ್ಪಾಸಾಬ ಉದ್ದನೆಯ ಹಿಡಿಕೆಯ ಹಲಗೆಯಿಂದ ಟ್ರೇ ಒಳಗೆ ತಳ್ಳಿದ. ತುಸು ಹೊತ್ತಿಗೆ ಕಾಯಿಸಿದ ತುಪ್ಪದ ಘಮ ಹೊರಬಂದು ಬೆಂಚಿನ ಮೇಲಿನ ಮಾತೆಲ್ಲ ನಿಂತಿತು.

ಮೊದಲ ಟ್ರೇ ಹೊರಬಂತು. ಹೊಂಬಣ್ಣದ ಚುಕ್ಕಿಗಳು. ಪ್ರತಿ ವರ್ಷದ ರೂಢಿಯಂತೆ ಮಾರ್ಥಾಬಾಯಿ ಒಂದನ್ನು ಮುರಿದು, ಊದಿ, ಗೆಳತಿಯ ಬಾಯಿಗೆ ಒಯ್ದಳು. ಗಿರಿಜವ್ವನ ಬಾಯಿ ತಾನಾಗಿ ತೆರೆಯಿತು.

ರೂಪಾಲಿ ಮಾರ್ಥಾಬಾಯಿಯ ಮಣಿಕಟ್ಟು ಹಿಡಿದಳು. ಈ ಸಲ ಅವಳಿಗೆ ಸುಳ್ಳು ಹೊಳೆಯಲಿಲ್ಲ.

"ಅವರಿಗೆ ಶುಗರ್ ಐತ್ರಿ ಸಿಸ್ಟರ್."

ಬೆಂಚಿಗೆ ಬೆಂಚೇ ಇತ್ತ ತಿರುಗಿತು. ಭೂಮಿ ಬಾಯಿ ಬಿಟ್ಟಿದ್ದರೆ ಗಿರಿಜವ್ವ ಹಿಟ್ಟಿನ ಡಬ್ಬಿಯ ಸಮೇತ ಇಳಿದುಹೋಗುತ್ತಿದ್ದಳು. ಅವಳು ಹೆದರಿದ ಆ 'ಪಾಪ' ಎಂಬ ಮಾತಿಗಾಗಿ ಕಿವಿ ಕಾಯುತ್ತ ಕೂತಳು.

"ನನಗ ಬಾಳ ವರ್ಷ ಆತ್ರಿ ಅಕ್ಕಾರ," ಎಂದ ಅಪ್ಪಾಸಾಬ, ಭಟ್ಟಿಯಿಂದ ಮುಖ ತಿರುಗಿಸದೆ. "ದಿನಾ ಬಿಸ್ಕೀಟ ಸುಡತೀನಿ, ಒಂದೂ ಬಾಯಾಗ ಹಾಕಂಗಿಲ್ಲ."

"ನನಗೂ ಐತ್ರಿ," ಎಂದಳು ಖಾರಿ ಮಾಡಿಸಲು ಬಂದಿದ್ದ ದಪ್ಪ ಹೆಂಗಸು. "ಮನ್ಯಾಗ ಇನ್ನಾ ಹೇಳಿಲ್ಲ. ಹೇಳಿದ್ರ ಚಹಾ ಕಸಗೋತಾರ."

"ನಮ್ಮ ಮನ್ಯಾಗ ಗಂಡಾ ಹೆಂಡತಿ ಇಬ್ಬರಿಗೂ ಐತಿ," ಎಂದು ಮೂಲೆಯಿಂದ ಇನ್ನೊಬ್ಬಳು. "ಗುಳಗಿ ಒಂದ ಡಬ್ಬಿಯಾಗ ಇಟ್ಟೇವಿ."

ಸರಿತಾ ಎಲ್ಲರ ಮುಖವನ್ನೂ, ಸಾಲಾಗಿ ಇಟ್ಟ ಡಬ್ಬಿಗಳನ್ನೂ ನೋಡಿದಳು. "ಹಂಗಾದ್ರ ಇಷ್ಟೆಲ್ಲಾ ತಿನ್ನಾವ್ರು ಯಾರ್ರಿ?"

ಭಟ್ಟಿಯ ಮನೆ ನಗೆಯಿಂದ ತುಂಬಿತು. ದಪ್ಪ ಹೆಂಗಸು ಕಣ್ಣೊರೆಸಿಕೊಂಡು ನಕ್ಕಳು. ಗಿರಿಜವ್ವನಿಗೂ ನಗೆ ತಡೆಯಲಾಗಲಿಲ್ಲ. ಒಂದು ತಿಂಗಳಿಂದ ಎದೆಯ ಮೇಲೆ ಹೇರಿಕೊಂಡ ಕಲ್ಲು ಇಷ್ಟು ಸಸಾರವಾಗಿ ಇಳಿಯುತ್ತದೆಂದು ಅವಳು ಎಣಿಸಿರಲಿಲ್ಲ.

ಮಾರ್ಥಾಬಾಯಿ ಮಾತ್ರ ನಗಲಿಲ್ಲ. ಮುರಿದ ಬಿಸ್ಕೀಟನ್ನು ಟ್ರೇಗೆ ಹಾಕಿದಳು. "ಯಾವಾಗ ಗೊತ್ತಾತು?"

"ದೀಪಾವಳಿ ಆದ ಮ್ಯಾಲ."

"ನನಗ ಹೇಳಲಿಲ್ಲ ನೀ."

"ಬಾಯಿ, ಹಂಗಲ್ಲ..."

"ಕಾಲ ತೋರಸು."

"ಇಲ್ಲೇ? ಮಂದಿ ಅದಾರ."

"ಮಂದಿ ಇರಲಿ. ತೋರಸು."

ಮಾರ್ಥಾಬಾಯಿ ಹಿಟ್ಟು ಚೆಲ್ಲಿದ ನೆಲದ ಮೇಲೆ ಕೂತು, ಗೆಳತಿಯ ಪಾದವನ್ನು ತೊಡೆಯ ಮೇಲೆ ಎಳೆದುಕೊಂಡಳು. ಬೆರಳುಗಳ ಸಂದು ನೋಡಿದಳು. ಹಿಮ್ಮಡಿ ತಿರುಗಿಸಿದಳು. ಅಲ್ಲಿ ಆಳವಾದ ಒಡಕು, ಒಳಗೆ ಅರಿಸಿನ ಮೆತ್ತಿಕೊಂಡಿತ್ತು, ಅದರ ಕೆಳಗೆ ಕೀವು.

"ಇದು ಎಷ್ಟ ದಿನದ್ದು?"

"ಏನ ಮಹಾ ಅಲ್ಲ. ನೋವ ಸೈತ ಇಲ್ಲ."

"ನೋವ ಇಲ್ಲ ಅಂದ್ರನ ಕೆಟ್ಟದ್ದು," ಎಂದಳು ಮಾರ್ಥಾಬಾಯಿ. "ಇವತ್ತ ಡಾಕ್ಟರ ಕಡೆ ಹೋಗೂದು. ಬಿಸ್ಕೀಟ ಮುಗಿಲಿ ಅನ್ನಬ್ಯಾಡ."

ರೂಪಾಲಿ ಆ ಹಿಮ್ಮಡಿಯನ್ನು ನೋಡಿ ಬೆಂಚಿನ ತುದಿಯಲ್ಲಿ ಕುಸಿದು ಕೂತಳು. "ನಮ್ಮವ್ವಂದೂ ಹಿಂಗ ಸುರು ಆಗಿತ್ತು," ಎಂದಳು, ಯಾರಿಗೂ ಅಲ್ಲ ಎಂಬಂತೆ. "ಅಕಿನೂ ಏನ ಮಹಾ ಅಲ್ಲ ಅಂತಿದ್ಲು. ಹೋದ ಮ್ಯಾಲ ಟ್ರಂಕ್ ತಗದ್ವಿ. ಸೀರಿ ಮಡಚಿ ಇಟ್ಟಿದ್ಲು. ಒಂದೊಂದ ಸೀರಿ ನಡುವ ಒಂದೊಂದ ಪೇಢೆದ ಡಬ್ಬಿ. ನಮ್ಮ ಕಣ್ಣ ತಪ್ಪಿಸಿ ತಿಂದಿದ್ಲು. ಕೇಳಿ ತಿಂದಿದ್ರ..."

ಗಿರಿಜವ್ವ ಸೊಸೆಯನ್ನು ನೋಡಿದಳು. ಹಿಂಡಿಯ ಚೀಲಕ್ಕೆ ಕೈ ಹಾಕಿ ನಿಂತಿದ್ದ ಆ ಮುಖ ಈಗ ಅವಳಿಗೆ ತಿಳಿಯಿತು. ತುಪ್ಪದ ಕೈಯಿಂದಲೇ ರೂಪಾಲಿಯ ತಲೆಯನ್ನು ತನ್ನ ಮೊಣಕಾಲಿಗೆ ಎಳೆದುಕೊಂಡಳು. "ಅವತ್ತ ಕೊಟಗ್ಯಾಗ ನಾ ಆಡಬಾರದ ಮಾತ ಆಡಿದ್ನಿ. ಮನಸಿನಾಗ ಇಟಗೋಬ್ಯಾಡ."

ಅಷ್ಟರಲ್ಲಿ ಭಟ್ಟಿಯ ಬಾಯಿಂದ ಹೊಗೆ ಬಂತು. ಅಪ್ಪಾಸಾಬ ಹಲಗೆ ಹಿಡಿದು ಓಡಿದ. ಎರಡನೇ ಟ್ರೇಯ ಚುಕ್ಕಿಗಳೆಲ್ಲ ಕರ್ರಗಾಗಿದ್ದವು.

"ನಿಮ್ಮ ಕತಿ ಕೇಳಕೋತ ನಿಂತು ನನ್ನ ಹೆಸರ ಕೆಡಸ್ಕೊಂಡ್ನಿ," ಎಂದು ಅವನು ತಲೆ ಚಚ್ಚಿಕೊಂಡ. ಮತ್ತೆ ನಗೆ ಎದ್ದಿತು. ಉಳಿದ ಟ್ರೇಗಳನ್ನು ಸರಿತಾಳಿಗೆ ಒಪ್ಪಿಸಿ ಮಿಕ್ಕ ಮೂವರು ಆಟೋ ಹತ್ತಿದರು.

ಡಾಕ್ಟರು ಗಾಯ ತೊಳೆದು, ಸರಿಯಾದ ಹೊತ್ತಿಗೆ ಬಂದಿರಿ ಎಂದರು. ಆಮೇಲಿನ ದಿನಗಳಲ್ಲಿ ಪ್ರತಿ ಬೆಳಿಗ್ಗೆ ರೂಪಾಲಿ ಉಗುರುಬೆಚ್ಚಗಿನ ನೀರಿನಲ್ಲಿ ಅತ್ತೆಯ ಪಾದ ತೊಳೆದು ಪಟ್ಟಿ ಕಟ್ಟುವಳು. ದಿನ ಬಿಟ್ಟು ದಿನ ಮಾರ್ಥಾಬಾಯಿ ಬಂದು, ಪಟ್ಟಿ ಬಿಚ್ಚಿ ನೋಡಿ, ಗೆಳತಿಯನ್ನು ಬೈದು, ಊಟ ಮಾಡಿಕೊಂಡು ಹೋಗುವಳು. ಬರಿಗಾಲಿನ ನಡಿಗೆ ನಿಂತಿತು. ಭರತ ತಾಯಿಗೆ ಮೆತ್ತನೆಯ ಚಪ್ಪಲಿ ತಂದ.

ಒಂದು ದಿನ ಪಟ್ಟಿ ಕಟ್ಟಿಸಿಕೊಳ್ಳುತ್ತ ಗಿರಿಜವ್ವ ಹೇಳಿದಳು: "ಆ ಸಕ್ಕರಿ ಡಬ್ಬಿ ಹೊರಗ ಇಡು."

ರೂಪಾಲಿಯ ಕೈ ನಿಂತಿತು.

"ನಾ ಕದ್ದ ತಿನ್ನಂಗಿಲ್ಲ. ತಿನಬೇಕನಿಸಿದ್ರ ನಿನ್ನ ಮುಂದ, ನಿನಗ ಕೇಳಿ ತಿಂತೀನಿ. ಬೀಗ ಇದ್ರ ಮನಸು ಬೀಗದ ಕಡೆ ಓಡತೈತಿ."

ಡಬ್ಬಿ ಅಡುಗೆಮನೆಯ ಗೋಡೆಯ ಗೂಡಿಗೆ ಮರಳಿತು. ಮುರಗೆಪ್ಪನಿಗೆ ಅಂದು ಸಂಜೆ ಮನೆಯಲ್ಲೇ ಸಕ್ಕರೆ ಚಹಾ ಸಿಕ್ಕಿತು. ರೂಪಾಲಿ ತಿಂಗಳ ಬಾಕಿಯನ್ನೆಲ್ಲ ಒಂದೇ ಕಪ್ಪಿಗೆ ಸುರಿದಿದ್ದಳು. ಒಂದು ಗುಟುಕು ಕುಡಿದು ಮುಖ ಕಿವುಚಿದ. "ಇದೇನವ್ವ, ಪಾನಕಾ ಮಾಡೀದಿ?" ಆ ಮೇಲೆ ಬಸ್‌ಸ್ಟ್ಯಾಂಡಿನ ಕೆಲಸವೂ ಕಡಿಮೆಯಾಯಿತು.

ಕ್ರಿಸ್‌ಮಸ್ ದಿನ ಮನೆಯ ನಾಲ್ವರೂ ಮಾರ್ಥಾಬಾಯಿಯ ಮನೆಗೆ ಹೋದರು. ಹಿಮ್ಮಡಿಯಲ್ಲಿ ಹೊಸ ತೊಗಲು ಮೂಡಿ ಗಾಯ ಮುಚ್ಚಿತ್ತು. ಮಾರ್ಥಾಬಾಯಿಯ ಮಗಳು, ಅಳಿಯ ಮಿರಜದಿಂದ ಬಂದಿದ್ದರು. ಸರಿತಾ ಗಂಡ ಸಮಾಧಾನನ ಜೊತೆ ಬಂದಿದ್ದಳು. ಪಡಸಾಲೆಯಲ್ಲಿ ಕೂರಲು ಜಾಗವಿರಲಿಲ್ಲ. ಚುಕ್ಕಿ ಬಿಸ್ಕೀಟಿನ ದೊಡ್ಡ ತಾಟು ಕೈಯಿಂದ ಕೈಗೆ ಬಂತು.

"ನನಗ ಬ್ಯಾಡ್ರಿ, ಶುಗರ್ ಐತಿ," ಎಂದಳು ಗಿರಿಜವ್ವ, ಇಡೀ ಪಡಸಾಲೆಗೆ ಕೇಳುವ ಹಾಗೆ. ಮುರಗೆಪ್ಪ ಹೆಂಡತಿಯನ್ನು ನೋಡಿ ಮೀಸೆಯಲ್ಲೇ ನಕ್ಕ.

ತಾಟು ರೂಪಾಲಿಯ ಕೈಗೆ ಹೋಯಿತು. ಅವಳು ಅದನ್ನು ಹಾಗೆಯೇ ಸರಿತಾಳಿಗೆ ದಾಟಿಸಿದಳು. ಗಿರಿಜವ್ವ ಅದನ್ನು ನೋಡಿದಳು. ದೀಪಾವಳಿಯ ಕರ್ಚಿಕಾಯಿ, ಪಂಚಮಿಯ ಉಂಡೆ, ಎಲ್ಲವನ್ನೂ ಮಾಡಿದವಳು, ಎಲ್ಲರಿಗೂ ಹಂಚಿದವಳು ಈ ಸೊಸೆಯೇ. ಅವಳು ತಿಂದದ್ದನ್ನು ತಾನು ಎಂದಾದರೂ ಕಂಡದ್ದುಂಟೇ ಎಂದು ನೆನಪು ಮಾಡಿಕೊಂಡಳು. ನೆನಪಾಗಲಿಲ್ಲ.

"ನೀ ಯಾಕ ತಗೊಳ್ಳಲಿಲ್ಲ?"

"ಒಲ್ಲೆರಿ."

"ನಿನಗೂ ಶುಗರ್ ಐತೇನು?"

"ಇಲ್ರಿ."

"ಮತ್ತ?"

ರೂಪಾಲಿ ಸೆರಗಿನ ತುದಿ ಬೆರಳಿಗೆ ಸುತ್ತಿದಳು. "ಅವ್ವ ಹೋದಾಗಿಂದ ಸಿಹಿ ಗಂಟಲಾಗ ಇಳಿವಲ್ತ್ರಿ."

ಗಿರಿಜವ್ವ ಎದ್ದು ಹೋಗಿ ಸರಿತಾಳ ಕೈಯಲ್ಲಿನ ತಾಟಿನಿಂದ ಒಂದು ಚುಕ್ಕಿ ಎತ್ತಿದಳು. ಬಂದು ಸೊಸೆಯ ಪಕ್ಕ ಒತ್ತಿ ಕೂತಳು. "ನಾ ಬಿಟ್ಟದ್ದಕ್ಕ ಅರ್ಥ ಐತಿ. ನಿಂದು ರಕ್ತಾ ಸರಿ ಐತಿ. ಬಾಯಿ ತೆಗಿ."

"ಮಂದಿ ನೋಡಾಕತ್ತಾರ್ರಿ."

"ನೋಡ್ಲಿ."

ರೂಪಾಲಿ ಬಾಯಿ ತೆರೆದಳು. ಒಂದು ಮೂಲೆ ಕಚ್ಚಿದಳು, ಅಗಿಯದೆ ಬಾಯಲ್ಲೇ ಇಟ್ಟುಕೊಂಡಳು. ಕಣ್ಣು ತುಂಬಿ ಬಂತು. ಆಮೇಲೆ ದವಡೆ ನಿಧಾನವಾಗಿ ಆಡಿತು. ಇಳಿಯಿತು.

"ಹೆಂಗ ಐತಿ?" ಎಂದು ಕೇಳಿದಳು ಗಿರಿಜವ್ವ. "ಖರೇ ಹೇಳು. ನಾ ಮಾಡಿದ್ದು, ನನಗ ಗೊತ್ತಿಲ್ಲ."

"ಮೊದಲ ತುಪ್ಪದ ವಾಸನಿ ಬರತೈತ್ರಿ," ಎಂದಳು ರೂಪಾಲಿ, ಮೂಗು ಒರೆಸಿಕೊಳ್ಳುತ್ತ. "ನಾಲಿಗಿ ಮ್ಯಾಲ ಇಟ್ಟಕೂಡ್ಲೇ ಮರಳಿನಂಗ ಉದುರತೈತಿ. ಆಮ್ಯಾಲ ದ್ರಾಕ್ಷಿ ಸಿಗತೈತಿ. ಸ್ವಲ್ಪ ಹುಳಿ ಐತಿ ಅದು, ಅದಕ್ಕ ಸಿಹಿ ಇನ್ನಾ ಬೇಕನಸತೈತಿ."

ಗಿರಿಜವ್ವ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಅವಳ ಮುಖದ ಮೇಲೆ ನಗೆ ಹರಡಿತು.

"ಇನ್ನೊಂದ ತಿನ್ನು," ಎಂದಳು. "ಸಾವಕಾಶ ತಿಂದು ಹೇಳು."